ಸೋಯಾಬೀನ್‌ನ ಬೇರುಗಂಟು: ಹಿಡಿಮಣ್ಣಿನಿಂದ ಬೀಜೋಪಚಾರದವರೆಗೆ

ಒಂದು ಟನ್ ಸೋಯಾಬೀನ್ ಕಾಳು ಕಟ್ಟಬೇಕಾದರೆ ಬೆಳೆಗೆ ಸುಮಾರು 80 ಕಿಲೊ ಸಾರಜನಕ ಬೇಕು. ಕಾಳಿನ ತೂಕದಲ್ಲಿ ಹೆಚ್ಚುಕಡಿಮೆ ಶೇ 40ರಷ್ಟು ಪ್ರೋಟೀನೇ ಇರುವಾಗ ಈ ಹಸಿವು ಸಹಜವೇ. ಅಷ್ಟನ್ನೂ ಗೊಬ್ಬರದ ಚೀಲದಿಂದಲೇ ಸುರಿಯಬೇಕಾಗಿದ್ದರೆ ಈ ಬೆಳೆ ಖಂಡಗಳನ್ನು ದಾಟಿ ಹರಡುವುದು ಕಷ್ಟವಿತ್ತು. ಸಾಮಾನ್ಯವಾಗಿ ಈ ಬೇಡಿಕೆಯ ಅರ್ಧದಷ್ಟನ್ನು ಅಥವಾ ಅದಕ್ಕೂ ಹೆಚ್ಚನ್ನು ಬೇರುಗಂಟುಗಳೊಳಗಿನ ಬ್ಯಾಕ್ಟೀರಿಯಾ ಗಾಳಿಯಿಂದಲೇ ಹಿಡಿದು ಕೊಡುತ್ತವೆ. ಈ ಬ್ಯಾಕ್ಟೀರಿಯಾ ಎಲ್ಲ ಮಣ್ಣಿನಲ್ಲೂ ಇರುವುದಿಲ್ಲ ಎಂಬುದೇ ತೊಡಕು. ನೂರು ವರ್ಷಗಳಿಗೂ ಹೆಚ್ಚಿನ ಪ್ರಯತ್ನವೆಲ್ಲ ಅವುಗಳನ್ನು ಜೀವಂತವಾಗಿ ಬೇರಿನವರೆಗೆ ಮುಟ್ಟಿಸುವುದರ ಸುತ್ತಲೇ ನಡೆದಿದೆ.

ದ್ವಿದಳ ಬೆಳೆಗಳು ನೆಲವನ್ನು ಫಲವತ್ತಾಗಿಸುತ್ತವೆ ಎಂಬ ಅನುಭವ ಬೇಸಾಯದಷ್ಟೇ ಹಳೆಯದು. ಅದರ ಕಾರಣವನ್ನು ಪ್ರಯೋಗದಿಂದ ತೋರಿಸಿಕೊಟ್ಟವರು ಜರ್ಮನಿಯ ಹೆರ್ಮನ್ ಹೆಲ್‌ರೀಗೆಲ್. 1886ರಲ್ಲಿ ಬರ್ಲಿನ್‌ನ ಸಭೆಯೊಂದರ ಮುಂದೆ ಅವರು ತಮ್ಮ ಫಲಿತಾಂಶವನ್ನಿಟ್ಟರು. ಸಹೋದ್ಯೋಗಿ ವಿಲ್ಫಾರ್ಟ್ ಜತೆ ಅವರು ಮರಳಿನ ಕುಂಡಗಳಲ್ಲಿ ಬೆಳೆಸಿದ ಓಟ್ಸ್, ಕೊಟ್ಟ ನೈಟ್ರೇಟ್ ಎಂಬ ಸಾರಜನಕ ಲವಣದ ಲೆಕ್ಕಕ್ಕೆ ಸರಿಯಾಗಿ ಬೆಳೆಯುತ್ತಿತ್ತು. ಬಟಾಣಿ ಮಾತ್ರ ಯಾವ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಮರಳನ್ನು ಕಾಯಿಸಿ ಜೀವಾಣುರಹಿತವಾಗಿಸಿದಾಗ ಬಟಾಣಿಯೂ ಸೊರಗಿತು. ಹೊಲದ ಮಣ್ಣನ್ನು ಕದಡಿದ ನೀರನ್ನು ಸ್ವಲ್ಪ ಹಾಕಿದೊಡನೆ ಬೇರಿನಲ್ಲಿ ಗಂಟು ಮೂಡಿ ಚೇತರಿಸಿಕೊಂಡಿತು. ಬಟಾಣಿಗೆ ಒಗ್ಗಿದ ಅದೇ ಮಣ್ಣಿನ ನೀರು ಲೂಪಿನ್ ಎಂಬ ಇನ್ನೊಂದು ದ್ವಿದಳ ಗಿಡಕ್ಕೆ ಪ್ರಯೋಜನಕ್ಕೆ ಬರಲಿಲ್ಲ, ಅದಕ್ಕೆ ಲೂಪಿನ್ ಬೆಳೆದಿದ್ದ ಮಣ್ಣೇ ಬೇಕಾಯಿತು. ಸೋಯಾಬೀನ್‌ನ ಮುಂದಿನ ಕಥೆಯೆಲ್ಲ ಈ ಸಣ್ಣ ಸಂಗತಿಯಲ್ಲೇ ಅಡಗಿತ್ತು ಎಂದು ಈಗ ಅನ್ನಿಸುತ್ತದೆ. 1888ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಗಂಟಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. 1896ರ ಹೊತ್ತಿಗೆ ನೊಬ್ಬೆ ಮತ್ತು ಹಿಲ್ಟ್‌ನರ್ ಅದನ್ನು ಬಾಟಲಿಗಿಳಿಸಿ, ‘ನೈಟ್ರಜಿನ್’ ಎಂಬ ಹೆಸರಿನ ಮಾರಾಟದ ಸರಕಾಗಿಸಿದ್ದರು.

ಸೋಯಾಬೀನ್ ಪೂರ್ವ ಏಷ್ಯಾದ ಬೆಳೆ. ಅದರ ಬೇರಿಗೆ ಒಗ್ಗುವ ಬ್ಯಾಕ್ಟೀರಿಯಾವೂ ಅಲ್ಲಿನ ಮಣ್ಣಿನ ವಾಸಿ. ಅಮೆರಿಕ ಖಂಡಗಳಿಗೆ ಬೀಜ ಹೋದಾಗ ಈ ಸಂಗಾತಿ ಜತೆಗೆ ಬಂದಿರಲಿಲ್ಲವಾದ್ದರಿಂದ, ಎಷ್ಟೋ ಹೊಲಗಳಲ್ಲಿ ಗಿಡ ಬೆಳೆದರೂ ಗಂಟು ಕಟ್ಟುತ್ತಿರಲಿಲ್ಲ. ಮೊದಮೊದಲು ಕಂಡುಕೊಂಡ ಉಪಾಯ ಸರಳ: ಗಂಟು ಕಟ್ಟಿದ ಹೊಲದ ಮಣ್ಣನ್ನು ತಂದು ಹೊಸ ಹೊಲಕ್ಕೆ ಎರಚುವುದು. ಮಣ್ಣಿನ ಹೊರೆ ಭಾರ, ರೋಗ ಮತ್ತು ಕಳೆಬೀಜವೂ ಅದರೊಂದಿಗೇ ಬರುತ್ತಿದ್ದವು. ಹೀಗಾಗಿ ಪೀಟ್ ಎಂಬ ಸಸ್ಯಾಂಶಭರಿತ ಕಪ್ಪು ಮಣ್ಣಿನ ಪುಡಿಯಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಬಿತ್ತುವ ಮುನ್ನ ಬೀಜಕ್ಕೆ ಲೇಪಿಸುವ ಪದ್ಧತಿ ನೆಲೆಗೊಂಡಿತು. ಬಹುಕಾಲ ರೈಜೋಬಿಯಂ ಜಪೋನಿಕಂ ಎನಿಸಿಕೊಂಡಿದ್ದ ಈ ನಿಧಾನ ಬೆಳವಣಿಗೆಯ ಜೀವಿಯನ್ನು 1982ರಲ್ಲಿ ಬ್ರಾಡಿರೈಜೋಬಿಯಂ ಎಂಬ ಬೇರೆ ಕುಲಕ್ಕೆ ಸೇರಿಸಲಾಯಿತು.

ಗಿಡ ಮತ್ತು ಬ್ಯಾಕ್ಟೀರಿಯಾದ ನಡುವಿನ ಗುರುತು ಹಿಡಿಯುವಿಕೆ ರಾಸಾಯನಿಕ ಸಂಕೇತಗಳಲ್ಲಿ ನಡೆಯುತ್ತದೆ. ಬೇರು ಜೆನಿಸ್ಟೀನ್, ಡೈಡ್ಜೀನ್ ಮುಂತಾದ ಐಸೊಫ್ಲೇವೋನ್ ಎಂಬ ಸಸ್ಯರಾಸಾಯನಿಕಗಳನ್ನು ಸ್ರವಿಸುತ್ತದೆ. ಅದನ್ನು ಗ್ರಹಿಸಿದ ಬ್ಯಾಕ್ಟೀರಿಯಾ ತನ್ನ ಸಂಕೇತವನ್ನು ಮರಳಿಸುತ್ತದೆ. ಬೇರುಗೂದಲು ಸುರುಳಿಗೊಂಡು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸಾರಜನಕವನ್ನು ಅಮೋನಿಯಾ ಆಗಿಸುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ವಿಷ, ಆದರೆ ಬ್ಯಾಕ್ಟೀರಿಯಾದ ಉಸಿರಾಟಕ್ಕೆ ಅದು ಬೇಕೇ ಬೇಕು. ಈ ಇಕ್ಕಟ್ಟನ್ನು ನಿಭಾಯಿಸುವುದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಬಣ್ಣಕ್ಕೆ ಕಾರಣವಾದ ವಸ್ತುವಿನ ಹತ್ತಿರದ ಬಂಧು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ ಎಂದರ್ಥ. ಎಳೆಯದಲ್ಲದ ಗಂಟು ಬಿಳಿಚಿಕೊಂಡಿದ್ದರೆ ಗಿಡ ದಂಡಕ್ಕೆ ಸಾಕುತ್ತಿದೆ ಎಂದು ತಿಳಿಯಬೇಕು.

ಇಪ್ಪತ್ತನೇ ಶತಮಾನದಲ್ಲಿ ಅಗ್ಗದ ಕೃತಕ ಸಾರಜನಕ ಗೊಬ್ಬರ ಬಂದಾಗ ಈ ವಿದ್ಯೆ ಬದಿಗೆ ಸರಿಯುವ ಸಾಧ್ಯತೆಯಿತ್ತು. ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿದ್ದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಬ್ರೆಜಿಲ್ ಬೇರೆ ದಾರಿ ಹಿಡಿದದ್ದರಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳ ವಿಜ್ಞಾನಿ ಯೊಹಾನ್ನಾ ಡೋಬರೈನರ್ ಅವರ ಪಾತ್ರ ದೊಡ್ಡದು. 1960ರ ದಶಕದಲ್ಲಿ ಅಲ್ಲಿ ಸೋಯಾಬೀನ್ ತಳಿ ಅಭಿವೃದ್ಧಿ ಆರಂಭವಾದಾಗ, ಸಾರಜನಕ ಗೊಬ್ಬರ ಹಾಕದೆ, ಬ್ಯಾಕ್ಟೀರಿಯಾದೊಂದಿಗೆ ಚೆನ್ನಾಗಿ ಬಾಳುವ ತಳಿಗಳನ್ನೇ ಆರಿಸಬೇಕೆಂದು ಅವರು ಪಟ್ಟು ಹಿಡಿದರು. ತಳಿ ಮತ್ತು ಬ್ಯಾಕ್ಟೀರಿಯಾವನ್ನು ಜೋಡಿಯಾಗಿ ನೋಡಿದ ಈ ನಿರ್ಧಾರವೇ, ನನ್ನ ಎಣಿಕೆಯಲ್ಲಿ, ಈ ಇತಿಹಾಸದ ಅತಿ ಮುಖ್ಯ ತಿರುವು.

ಅದೇ ಹೊತ್ತಿಗೆ ಇನ್ನೊಂದು ಸಮಸ್ಯೆ ತಲೆಯೆತ್ತಿತ್ತು. ಒಮ್ಮೆ ನೆಲೆಯೂರಿದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮತ್ತು ಅದು ಸೋಮಾರಿಯಾಗಿದ್ದರೂ ಹೊಸದಾಗಿ ಲೇಪಿಸಿದ ಚುರುಕಿನ ಬಗೆಗೆ ಗಂಟಿನಲ್ಲಿ ಜಾಗ ಬಿಡುವುದಿಲ್ಲ. ಅಮೆರಿಕದ ಮಧ್ಯಪಶ್ಚಿಮ ಭಾಗದ ಹಳೆಯ ಸೋಯಾಬೀನ್ ಹೊಲಗಳಲ್ಲಿ ಬೀಜಲೇಪನದಿಂದ ಅನೇಕ ಸಲ ಇಳುವರಿ ಹೆಚ್ಚದಿರಲು ಇದೊಂದು ಕಾರಣ. ಇಂಥ ಹೊಲಗಳಿಗೆಂದು ಬ್ರೆಜಿಲ್‌ನ ಮರಿಯಾಂಜೆಲಾ ಹಂಗ್ರಿಯಾ ಮತ್ತು ಸಂಗಡಿಗರು ಬ್ರಾಡಿರೈಜೋಬಿಯಂ ಜತೆ ಅಜೋಸ್ಪಿರಿಲಂ ಎಂಬ ಇನ್ನೊಂದು ಬ್ಯಾಕ್ಟೀರಿಯಾವನ್ನೂ ಬಳಸಿ ನೋಡಿದರು. ಅಜೋಸ್ಪಿರಿಲಂ ಗಂಟು ಕಟ್ಟುವುದಿಲ್ಲ. ಬೆಳವಣಿಗೆಯ ಹಾರ್ಮೋನು ಸ್ರವಿಸಿ ಬೇರು ಕವಲೊಡೆಯುವಂತೆ ಮಾಡುತ್ತದೆ, ಅದರಿಂದ ಗಂಟು ಕಟ್ಟಲು ತಾಣ ಹೆಚ್ಚುತ್ತದೆ. 2013ರಲ್ಲಿ ಪ್ರಕಟವಾದ ಅವರ ಹೊಲಪ್ರಯೋಗಗಳಲ್ಲಿ ಬ್ರಾಡಿರೈಜೋಬಿಯಂ ಒಂದರಿಂದಲೇ ಇಳುವರಿ ಸರಾಸರಿ ಶೇ 8ರಷ್ಟು, ಎರಡರ ಜೋಡಿಯಿಂದ ಶೇ 16ರಷ್ಟು ಹೆಚ್ಚಿತು. 2025ರ ವಿಶ್ವ ಆಹಾರ ಪ್ರಶಸ್ತಿ ಹಂಗ್ರಿಯಾ ಅವರಿಗೆ ಸಂದಿತು. ಎಲ್ಲ ನೆಲದಲ್ಲೂ ಇದೇ ಅಂಕಿ ಬರುತ್ತದೆಂದು ನಂಬುವುದು ಮಾತ್ರ ತಪ್ಪು.

ಕಾಳಿನ ಗುಣಮಟ್ಟದ ವಿಚಾರ ಇದಕ್ಕಿಂತ ಜಟಿಲ. ಕಾಳು ತುಂಬುವ ಹಂತದಲ್ಲಿ ಸಾರಜನಕದ ಬೇಡಿಕೆ ತುದಿ ಮುಟ್ಟುತ್ತದೆ, ಗಂಟುಗಳು ಮಾತ್ರ ಆ ಹೊತ್ತಿಗೇ ದಣಿಯತೊಡಗುತ್ತವೆ. ಕೊರತೆ ತುಂಬಲು ಗಿಡ ಎಲೆಯಲ್ಲಿದ್ದ ಸಾರಜನಕವನ್ನೇ ಕಾಳಿಗೆ ಸಾಗಿಸುತ್ತದೆ. ಎಲೆ ಹಳದಿಯಾಗಿ ದ್ಯುತಿಸಂಶ್ಲೇಷಣೆ ನಿಲ್ಲುತ್ತದೆ. ಬೆಳೆವಿಜ್ಞಾನಿಗಳಾದ ಸಿಂಕ್ಲೇರ್ ಮತ್ತು ಡಿ ವಿಟ್ 1970ರ ದಶಕದ ಮಧ್ಯದಲ್ಲಿ ಇದನ್ನು ಗಿಡದ ಸ್ವಯಂನಾಶ ಎಂದೇ ವರ್ಣಿಸಿದ್ದರು. ಇದರ ಮೇಲೆ, ಇಳುವರಿ ಹೆಚ್ಚಿದಂತೆ ಕಾಳಿನ ಪ್ರೋಟೀನ್ ಪ್ರಮಾಣ ಇಳಿಯುವ ಪ್ರವೃತ್ತಿ ಆಧುನಿಕ ತಳಿಗಳಲ್ಲಿದೆ. ಆದ್ದರಿಂದ ಬ್ಯಾಕ್ಟೀರಿಯಾದ ಆಯ್ಕೆಯಲ್ಲಿ ಗಂಟುಗಳ ಸಂಖ್ಯೆಯಷ್ಟೇ ಸಾಲದು. ಕಾಯಿ ತುಂಬುವವರೆಗೂ ಗಂಟು ನಸುಗೆಂಪಾಗಿ ಉಳಿಯುತ್ತದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ, ಶಿಲೀಂಧ್ರನಾಶಕ ಲೇಪಿಸಿದ ಬೀಜದ ಮೇಲೆ ಬ್ಯಾಕ್ಟೀರಿಯಾವನ್ನು ಹಚ್ಚಿ ಬಿಸಿಲಿನಲ್ಲಿಟ್ಟರೆ ಅದರಲ್ಲಿ ಬಹುಪಾಲು ಬಿತ್ತನೆಗೆ ಮುನ್ನವೇ ಸಾಯುತ್ತದೆ.