ಮರುವಾಯಿ ಚಿಪ್ಪಿನೊಳಗಿನ ಗಾಳಿ

ಭಾನುವಾರ ಮರುವಾಯಿ, ಅಂದರೆ ಕಪ್ಪೆಚಿಪ್ಪಿನ ಸುಕ್ಕ ಮಾಡಿದ್ದೀರಾ? ಹಾಗಿದ್ದರೆ ಚಿಪ್ಪು ಎಸೆಯಬೇಡಿ. ಒಂದನ್ನು ಚೆನ್ನಾಗಿ ತೊಳೆದು ಗ್ಲಾಸಿಗೆ ಹಾಕಿ, ಮುಳುಗುವಷ್ಟು ವಿನೆಗರ್ ಸುರಿಯಿರಿ. ಸ್ವಲ್ಪ ಹೊತ್ತಿಗೆ ಚಿಪ್ಪಿನ ಮೈತುಂಬ ಸಣ್ಣ ಸಣ್ಣ ಗುಳ್ಳೆ. ಕುಟ್ಟಿ ಪುಡಿ ಮಾಡಿ ಹಾಕಿದರೆ ಗುಳ್ಳೆ ಇನ್ನೂ ಜೋರು. ಹುಳಿಗೆ ತಾಗುವ ಮೈ ಜಾಸ್ತಿಯಾಯಿತು, ಅಲ್ವಾ?

ವಿನೆಗರಿನಂಥ ಆಮ್ಲಕ್ಕೆ ಲೋಹದ ಕಾರ್ಬೊನೇಟ್ ಸೇರಿದರೆ ಲವಣ, ನೀರು, ಕಾರ್ಬನ್ ಡೈಆಕ್ಸೈಡ್. ಹತ್ತನೇ ಕ್ಲಾಸಿನಲ್ಲಿ ನಾನಿದನ್ನು ಸುಮ್ನೆ ಉರು ಹೊಡೆದಿದ್ದೆ. ಆ ಕಾರ್ಬೊನೇಟ್ ನಮ್ಮ ಹಿತ್ತಲ ತೆಂಗಿನ ಬುಡದಲ್ಲೇ ರಾಶಿ ಬಿದ್ದಿದೆ ಅಂತ ಹೊಳೆದಿರಲಿಲ್ಲ. ಚಿಪ್ಪು ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಆಮ್ಲದ ಹೈಡ್ರೋಜನ್ ಅಯಾನು (ವಿದ್ಯುದಂಶವಿರುವ ಹೈಡ್ರೋಜನ್ ಕಣ) ಕಾರ್ಬೊನೇಟಿಗೆ ಅಂಟಿಕೊಂಡಾಗ ಕಾರ್ಬಾನಿಕ್ ಆಮ್ಲ ಹುಟ್ಟುತ್ತದೆ. ಅದು ಹೆಚ್ಚು ಹೊತ್ತು ಬಾಳುವುದಿಲ್ಲ, ಒಡೆದು ನೀರೂ ಕಾರ್ಬನ್ ಡೈಆಕ್ಸೈಡ್ ಗಾಳಿಯೂ ಆಗುತ್ತದೆ. ಗಾಳಿಯೇನು ಕಡಿಮೆಯಲ್ಲ. 5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪೂರ್ತಿ ಕರಗಿದರೆ ಸುಮಾರು 1.2 ಲೀಟರ್!

ಗೋಳಿಬಜೆ ಉಬ್ಬುವುದರಲ್ಲೂ ಇದೇ ಗಾಳಿಯ ಕೈವಾಡ. ಅಲ್ಲಿ ಹುಳಿ ಮೊಸರು ಆಮ್ಲ, ಅಡುಗೆ ಸೋಡಾ ಕಾರ್ಬೊನೇಟಿನ ತಮ್ಮ, ಬೈಕಾರ್ಬೊನೇಟ್.

ಬಂದದ್ದು ಕಾರ್ಬನ್ ಡೈಆಕ್ಸೈಡೇ ಅಂತ ತಿಳಿಯಲು ಲ್ಯಾಬಿನಲ್ಲಿ ಅದನ್ನು ಸುಣ್ಣದ ತಿಳಿನೀರಿಗೆ ಬಿಡುತ್ತಾರೆ. ನನಗೆ ಇಡೀ ಪಾಠದಲ್ಲಿ ಇಷ್ಟವಾಗುವುದು ಈ ಭಾಗ. ಯಾಕೆಂದರೆ ನಮ್ಮ ಕರಾವಳಿಯಲ್ಲಿ ಸುಣ್ಣ ಮಾಡುತ್ತಿದ್ದದ್ದೇ ಚಿಪ್ಪು ಸುಟ್ಟು. ಸುಡುವಾಗ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ 44 ಗ್ರಾಂ ಇದೇ ಗಾಳಿ ಹಾರಿಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಬುಸುಗುಟ್ಟಿ, ಬಿಸಿಯಾಗಿ ಅರಳುತ್ತದೆ. ವೀಳ್ಯದೆಲೆಗೆ ಹಚ್ಚುವುದು ಈ ಅರಳಿದ ಸುಣ್ಣವನ್ನೇ.

ಎಲೆಯಡಿಕೆ ಪೆಟ್ಟಿಗೆಯಿಂದ ಚಿಟಿಕೆ ಸುಣ್ಣ ತೆಗೆದು ಒಂದು ಗ್ಲಾಸು ನೀರಿನಲ್ಲಿ ಕದಡಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಬಸಿದುಕೊಳ್ಳಿ. ಅದರೊಳಗೆ ಸ್ಟ್ರಾದಿಂದ ಮೆಲ್ಲಗೆ ಊದಿ. ಕುಡಿಯಬೇಡಿ, ಕಣ್ಣಿಗೆ ಸಿಡಿಸಿಕೊಳ್ಳಬೇಡಿ. ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆ ಬಿಳಿ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್. ಬೆಂಕಿಯಲ್ಲಿ ಕಳೆದುಕೊಂಡ ಗಾಳಿಯನ್ನು ಸುಣ್ಣ ನಿಮ್ಮ ಉಸಿರಿನಿಂದ ವಾಪಸ್ ಪಡೆದು ಮತ್ತೆ ಚಿಪ್ಪಿನ ವಸ್ತುವೇ ಆಯಿತು.

ಊದುತ್ತಲೇ ಇದ್ದರೆ ಬಿಳುಪು ಮೆಲ್ಲಗೆ ಮಾಯವಾಗುತ್ತದೆ. ಪ್ರಯೋಗ ಕೆಟ್ಟಿತು ಅಂತ ಚೆಲ್ಲಬೇಡಿ. ಗಾಳಿ ಜಾಸ್ತಿಯಾಗಿ ಪುಡಿ ನೀರಿನಲ್ಲಿ ಕರಗುವ ಬೈಕಾರ್ಬೊನೇಟ್ ಆಗಿದೆ, ಅಷ್ಟೇ. ಆ ನೀರನ್ನು ಒಲೆಯ ಮೇಲಿಟ್ಟು ಕುದಿಸಿ. ಗಾಳಿ ಹೊರಗೆ ಹೋಗುತ್ತದೆ, ಬಿಳಿ ಪುಡಿ ಮತ್ತೆ ಬರುತ್ತದೆ.