ಅಂಗಡಿ ಬೋರ್ಡ್ ಬರೆಯುತ್ತಿದ್ದವರ ಚಿತ್ರ ಪ್ಯಾರಿಸ್‌ಗೆ ಹೋಗಿದ್ದು ಹೇಗೆ?

ಪ್ರಶ್ನೆ: ಚಿತ್ರಕಲಾ ಶಾಲೆಯ ಮೆಟ್ಟಿಲನ್ನೇ ಹತ್ತದವರು ದೊಡ್ಡ ಗ್ಯಾಲರಿಯಲ್ಲಿ ಒಬ್ಬರೇ ಪ್ರದರ್ಶನ ಮಾಡೋದು ಸಾಧ್ಯವಾ? ಯಾರಾದರೂ ಕೈಹಿಡಿದರೆ ಮಾತ್ರ ಅಲ್ವಾ?

ಉತ್ತರ: ಕೈಹಿಡಿಯುವವರು ಬೇಕು, ನಿಜ. ಆದರೆ ಅವರು ಬರುವ ಹೊತ್ತಿಗೆ ನಮ್ಮ ಹತ್ತಿರ ತೋರಿಸೋಕೆ ಏನಾದರೂ ಇರಬೇಕಲ್ಲ. ಕಾಂಗೋ ದೇಶದ ಚಿತ್ರಕಾರ ಶೇರಿ ಸಾಂಬಾ ಅವರನ್ನೇ ನೋಡಿ.

ಅವರು ಹುಟ್ಟಿದ್ದು 1956ರಲ್ಲಿ, ಕಿಂಟೋ ಮ್ವುಯಿಲಾ ಎಂಬ ಹಳ್ಳಿಯಲ್ಲಿ. ಅಪ್ಪ ಕಮ್ಮಾರ, ಅಮ್ಮನದು ಹೊಲದ ಕೆಲಸ. 1972ರಲ್ಲಿ ಓದು ಬಿಟ್ಟು ರಾಜಧಾನಿ ಕಿನ್ಶಾಸಾಗೆ ಬಂದರು. ಸಿಕ್ಕಿದ್ದು ಬೋರ್ಡ್ ಬರೆಯುವ ಕೆಲಸ. ಮೂರು ವರ್ಷಕ್ಕೆ ಸ್ವಂತ ಅಂಗಡಿ ಇಟ್ಟರು. ಅದರ ಜೊತೆಗೇ ಕಾಮಿಕ್ಸ್ ಕೂಡ ಬರೆಯುತ್ತಿದ್ದರು.

ನನ್ನ ಪ್ರಕಾರ ಆ ಬೋರ್ಡುಗಳೇ ಅವರ ಕಲಾಶಾಲೆ. ಸುಮ್ನೆ ಹೇಳುತ್ತಿಲ್ಲ. ಅಂಗಡಿ ಹೊರಗೆ ಚಿತ್ರ ಇಟ್ಟರೆ ದಾರಿಹೋಕರು ಒಮ್ಮೆ ಕಣ್ಣು ಹಾಯಿಸಿ ಮುಂದೆ ಹೋಗಿಬಿಡುತ್ತಿದ್ದರಂತೆ. ನಿಲ್ಲಿಸೋದು ಹೇಗೆ? ಸಾಂಬಾ ಚಿತ್ರದ ಒಳಗೇ ನಾಲ್ಕು ಸಾಲು ಬರೆದರು, ಫ್ರೆಂಚ್‌ನಲ್ಲಿ, ಅಲ್ಲಿನ ಜನರಾಡುವ ಲಿಂಗಾಲಾ ಭಾಷೆಯಲ್ಲಿ. ಓದಬೇಕು ಅಂದರೆ ಕಾಲು ನಿಲ್ಲಲೇಬೇಕು! ಬೋರ್ಡ್ ಬರೆದು ಪಳಗಿದ ಕೈಗೆ ಅಕ್ಷರ ಕೂರಿಸೋದು ಕಷ್ಟವೇ? ಈ ಬರಹವೇ ಮುಂದೆ ಅವರ ಗುರುತಾಯಿತು. ರಾಜಕೀಯ, ಏಡ್ಸ್, ಸಂಸಾರದ ಜಗಳ, ಬೀದಿಯ ಮಾತು ಎಲ್ಲವೂ ಅದರಲ್ಲಿ ಬಂತು. ಉಪದೇಶ ಇದೆ, ಅದರ ಜೊತೆ ಕುಚೋದ್ಯವೂ ಇದೆ.

2003ರ ‘ಬಣ್ಣ ಅಂದರೆ ನನಗಿಷ್ಟ’ ಚಿತ್ರ ಈ ಕುಚೋದ್ಯಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿರೋದು ಅವರದೇ ಮುಖ. ಆದರೆ ಕಿತ್ತಳೆ ಸಿಪ್ಪೆಯನ್ನು ಒಂದೇ ಎಳೆಯಾಗಿ ಸುಲಿದ ಹಾಗೆ ತಲೆ ಸುರುಳಿ ಬಿಚ್ಚಿಕೊಂಡಿದೆ. ಸುರುಳಿಯ ಸಂದಿಯಲ್ಲಿ ನೀಲಿ ಆಕಾಶ. ಹಲ್ಲಲ್ಲಿ ಕಚ್ಚಿದ ಕುಂಚದಿಂದ ಬಣ್ಣ ತೊಟ್ಟಿಕ್ಕುತ್ತಿದೆ.

ಇನ್ನು ಕೈಹಿಡಿದವರ ವಿಷಯ. 1978ರಲ್ಲಿ ಕಿನ್ಶಾಸಾದ ಒಂದು ಪ್ರದರ್ಶನದಲ್ಲಿ ಬೀದಿ ಚಿತ್ರಕಾರರ ಜೊತೆ ಸಾಂಬಾ ಹೆಸರೂ ಜನರ ಕಿವಿಗೆ ಬಿತ್ತು. ದೊಡ್ಡ ತಿರುವು ಸಿಕ್ಕಿದ್ದು 1989ರಲ್ಲಿ. ಪ್ಯಾರಿಸ್‌ನಲ್ಲಿ ನಡೆದ ‘ಭೂಮಿಯ ಮಾಂತ್ರಿಕರು’ ಎಂಬ ಪ್ರದರ್ಶನ ಪಶ್ಚಿಮದ ಹೆಸರಾಂತ ಕಲಾವಿದರನ್ನೂ ಬೇರೆ ಖಂಡಗಳವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಆ ಸಾಲಿನಲ್ಲಿ ಸಾಂಬಾ ಕೂಡ ಇದ್ದರು. ಅದನ್ನು ನೋಡಿದ ಜಾನ್ ಪಿಗೋಟ್ಸಿ ಎಂಬ ಶ್ರೀಮಂತರು ಆಫ್ರಿಕಾದ ಕಲೆಯನ್ನು ಕೊಳ್ಳಲು ಶುರು ಮಾಡಿದರು. ಸಾಂಬಾ ಚಿತ್ರಗಳು ಅವರ ಸಂಗ್ರಹಕ್ಕೂ ಸೇರಿದವು. 2004ರಲ್ಲಿ ಪ್ಯಾರಿಸ್‌ನ ಕಾರ್ಟಿಯೇ ಫೌಂಡೇಶನ್ ಎಂಬ ಕಲಾ ಸಂಸ್ಥೆ ಸಾಂಬಾ ಒಬ್ಬರದೇ ದೊಡ್ಡ ಪ್ರದರ್ಶನ ಇಟ್ಟಿತು. 2007ರಲ್ಲಿ ಇಟಲಿಯ ದೊಡ್ಡ ಅಂತರರಾಷ್ಟ್ರೀಯ ಕಲಾ ಪ್ರದರ್ಶನವಾದ ವೆನಿಸ್ ಬಿಯೆನಾಲೆಗೂ ಹೋದರು.

ಹಾಗಂತ ಪ್ಯಾರಿಸ್‌ಗೆ ಕೈಮುಗಿದು ನಿಂತವರಲ್ಲ ಅವರು. 1997ರಲ್ಲಿ ‘ನಮ್ಮ ಕಲೆಗೆ ಮುಂದೇನು?’ ಎಂದು ಮೂರು ಚಿತ್ರ ಬರೆದಿದ್ದರು. ಒಂದರಲ್ಲಿ ಪಿಕಾಸೊ ಪಕ್ಕ ತಾವೂ ಕೂತಿದ್ದಾರೆ, ಮೇಜಿನ ಮೇಲೆ ಆಫ್ರಿಕಾದ ಮುಖವಾಡಗಳು. ಚಿತ್ರದ ಬರಹ ಹೇಳೋದು ಇಷ್ಟು: ಫ್ರಾನ್ಸ್ ಒಪ್ಪಿದ ಕಲಾವಿದನನ್ನು ಲೋಕವೇ ಒಪ್ಪುತ್ತದಂತೆ. ಫ್ರಾನ್ಸ್ ಒಪ್ಪೋದು ಅಂದರೆ ಅಲ್ಲಿನ ಆಧುನಿಕ ಕಲಾ ಮ್ಯೂಸಿಯಂ ಒಪ್ಪೋದು. ಸರಿ, ಆದರೆ ಆ ಮ್ಯೂಸಿಯಂ ಮೈಬಣ್ಣ ನೋಡಿ ಭೇದ ಮಾಡುವುದಿಲ್ಲವೇ?