ಕರೆಂಟ್ ಹೋದರೂ ಅಳಿಯದ ಫಲಕ

ಕರೆಂಟ್ ಹೋದರೆ ಬಸ್ ನಿಲ್ದಾಣದ ಎಲ್‌ಇಡಿ ಫಲಕ ಕಪ್ಪಾಗುತ್ತದೆ. ಕಾಗದದ ಮೇಲಿನ ಅಚ್ಚಿನಂತೆ ಕಾಣುವ ಇ-ಪೇಪರ್ ಪರದೆಯ ಫಲಕ ಹಾಗಲ್ಲ. ಅದರ ಸೂಕ್ಷ್ಮ ಗುಳಿಗೆಗಳಲ್ಲಿರುವ ಕಪ್ಪು, ಬಿಳಿ ಕಣಗಳು ಸುಮಾರು 15 ವೋಲ್ಟ್ ಕೊಟ್ಟಾಗ ಸರಿಯುತ್ತವೆ, ಆಮೇಲೆ ನಿಂತಲ್ಲೇ ನಿಲ್ಲುತ್ತವೆ. ಬ್ಯಾಟರಿ ಸತ್ತ ಮೇಲೂ ‘ವಿದ್ಯಾರಣ್ಯಪುರ – 3 ನಿಮಿಷ’ ಎಂಬ ಸಾಲು ದಿನಗಟ್ಟಲೆ ಉಳಿಯಬಹುದು, ಜನ ನಂಬಿ ಕಾಯುತ್ತಾರೆ. ಆದ್ದರಿಂದ ‘3 ನಿಮಿಷ’ ಬೇಡ, ‘8:42ಕ್ಕೆ’ ಎಂದು ಬರೆಯಿರಿ. ಮೂಲೆಯಲ್ಲಿ ಕೊನೆಯ ನವೀಕರಣದ ಸಮಯ ಇರಲಿ. ಐದು ನಿಮಿಷ ಮಾಹಿತಿ ಬರದಿದ್ದರೆ ಫಲಕವನ್ನು ನಡೆಸುವ ಕಂಟ್ರೋಲರ್ ತಾನೇ ಸಾಲುಗಳನ್ನು ಅಳಿಸಬೇಕು. ಬ್ಯಾಟರಿ ಮುಗಿಯುವ ಮುನ್ನ ‘ಮಾಹಿತಿ ಲಭ್ಯವಿಲ್ಲ’ ಎಂದು ಬರೆದೇ ಮಲಗಬೇಕು.

ಪರದೆ ತಿನ್ನುವ ವಿದ್ಯುತ್ ನಿಜಕ್ಕೂ ಕಡಿಮೆ. 13.3 ಇಂಚಿನ ಪರದೆಯನ್ನು ನಿಮಿಷಕ್ಕೊಮ್ಮೆ, ದಿನಕ್ಕೆ 18 ಗಂಟೆ ಬದಲಿಸುತ್ತೇವೆ ಎನ್ನಿ. ಪ್ರತಿ ಬಾರಿ 2 ವ್ಯಾಟ್‌ನಂತೆ 2 ಸೆಕೆಂಡ್ ಹಿಡಿದರೂ ಒಟ್ಟು 1.2 ವ್ಯಾಟ್-ಗಂಟೆ. ಆ 18 ಗಂಟೆಯೂ ಎಚ್ಚರವಿದ್ದು ಮಾಹಿತಿ ತರುವ ಮೋಡೆಮ್‌ಗೆ 0.2 ವ್ಯಾಟ್ ಹಿಡಿದರೆ 3.6. ಸಂಜೆ 6ರಿಂದ 11ರವರೆಗೆ ಉರಿಯುವ 2 ವ್ಯಾಟ್ ದೀಪಕ್ಕೇ 10! ಇ-ಪೇಪರ್‌ಗೆ ಸ್ವಂತ ಬೆಳಕಿಲ್ಲ, ದೀಪ ಬಿಡುವಂತಿಲ್ಲ. ಜನ ಹತ್ತಿರ ಬಂದಾಗ ಮಾತ್ರ ಉರಿಯುವಂತೆ ಸೆನ್ಸರ್ ಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಹಾಕದಿದ್ದರೆ ನಾಲ್ಕು ದಿನ ಮೋಡ ಕವಿದ ಜುಲೈಗೆ 60 ವ್ಯಾಟ್-ಗಂಟೆ ಕೂಡಿಡಬೇಕು: 12.8 ವೋಲ್ಟ್, 6 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಜೊತೆಗೆ 20 ವ್ಯಾಟ್ ಸೋಲಾರ್ ಫಲಕ.

ಸಿಡ್ನಿಯ ರಸ್ತೆಗಳಲ್ಲಿ 2015ರಲ್ಲೇ ಸೌರಶಕ್ತಿಯ ಇ-ಪೇಪರ್ ಸಂಚಾರ ಫಲಕಗಳನ್ನು ನಿಲ್ಲಿಸಿದ್ದರು. ಕಲಬುರಗಿಯ ಏಪ್ರಿಲ್‌ನಲ್ಲಿ ಅದನ್ನೇ ಮಾಡಹೊರಟರೆ ಮೊದಲು ಎದುರಾಗುವುದು ಬಿಸಿಲು. ಸಾಮಾನ್ಯ ಇ-ಪೇಪರ್ ಪರದೆಗಳ ಮಿತಿ 50 ಡಿಗ್ರಿ ಸೆಲ್ಸಿಯಸ್. ಗಾಜಿನ ಹಿಂದೆ ಮುಚ್ಚಿದ ಕಪ್ಪು ಪೆಟ್ಟಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಬಿಳಿ ಪೆಟ್ಟಿಗೆ, ಮೇಲೊಂದು ನೆರಳಿನ ತಗಡು, ನೇರಳಾತೀತ ಕಿರಣ ತಡೆಯುವ ಗಾಜು ಬೇಕೇ ಬೇಕು. ಉಷ್ಣತೆಗೆ ತಕ್ಕಂತೆ ವೋಲ್ಟೇಜಿನ ತರಂಗ ಬದಲಾಗಬೇಕಾದ್ದರಿಂದ ಉಷ್ಣತೆ ಅಳೆಯುವ ಸೆನ್ಸರನ್ನು ಪರದೆಯ ಬೆನ್ನಿಗೇ ಅಂಟಿಸಿ. ಬ್ಯಾಟರಿಯ ಪಕ್ಕ ಇಟ್ಟರೆ ಅದು ತಪ್ಪು ಅಂಕಿ ಕೊಡುತ್ತದೆ, ಹಳೆಯ ಅಕ್ಷರದ ನೆರಳು ಹೊಸದರ ಹಿಂದೆ ಉಳಿಯುತ್ತದೆ.

ಆ ನೆರಳು ಕನ್ನಡಕ್ಕೆ ಹೆಚ್ಚು ಕಾಡುತ್ತದೆ. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು, ಅಲ್ಲಿ ಬೂದು ತುಂಬಿದರೆ ಊರಿನ ಹೆಸರೇ ತಪ್ಪಾಗುತ್ತದೆ. ಸಮಯದ ಅಂಕಣವನ್ನಷ್ಟೇ ಭಾಗಶಃ ಬದಲಿಸಿ, ಹತ್ತು ಬಾರಿಗೊಮ್ಮೆ ಇಡೀ ಪರದೆಯನ್ನು ಕಪ್ಪು-ಬಿಳಿ ಮಿನುಗಿಸಿ ತೊಳೆಯಿರಿ. ಅಕ್ಷರ 2 ಸೆಂಟಿಮೀಟರ್ ಎತ್ತರವಿರಲಿ. ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಟ್ಟರೆ ಈ ಪರದೆಯಲ್ಲಿ ಐದು ಸಾಲು ಹಿಡಿಯುತ್ತದೆ. ಇಂಗ್ಲಿಷಿನ ಅಳತೆಗೆ ಏಳು ಸಾಲು ತುರುಕಿದರೆ ‘ದ್ಯ’ದ ಬಾಲ ಕೆಳಗಿನ ಸಾಲಿಗೆ ತಾಗುತ್ತದೆ.